ಕೊಲೆಸ್ಟರಾಲಿನ ಗುಳಿಗೆಯೂ ಜೀವಸತ್ವಗಳ ಅನುಪಾನವೂ

ಹಿಂದಿನ ಕಾಲದ ವೈದ್ಯರು ರೋಗಿಗೆ ಔಷಧವನ್ನು ಕೊಡುವಾಗ ಅದರ ಅನುಪಾನವನ್ನೂ ಹೇಳಿಯೇ ಕೊಡುತ್ತಿದ್ದರು. ಈ ಚೂರ್ಣವನ್ನು ಜೇನುತುಪ್ಪದಲ್ಲಿ ಕಲಸಿ, ಈ ಗುಳಿಗೆಯನ್ನು ಮಜ್ಜಿಗೆಯೊಡನೆ, ಈ ಕಷಾಯವನ್ನು ಬರಿಯ ಹೊಟ್ಟೆಯಲ್ಲಿ ಎಂದು ವಿಧಿಸಿ, ಅದರ ಸಂಗಡ ಇಂಥಿಂಥ ಪದಾರ್ಥಗಳನ್ನು ಮುಟ್ಟಲಾಗದೆಂದು ಪಥ್ಯವನ್ನೂ ಹೇಳುತ್ತಿದ್ದರು. ಒಂದರೊಡನೆ ಒಂದು ಕೂಡಿದಾಗ ಹೊಂದದಿರುವ ಆಹಾರಗಳ ವಿಚಾರವು ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ವಿಸ್ತಾರವಾಗಿಯೇ ಬಂದಿರುವದು. ಅಲ್ಲಿ ಹೇಳಿದ ಒಂದೊಂದು ಮಾತೂ ಇಂದಿನ ಪರೀಕ್ಷೆಗೆ ನಿಲ್ಲುವದೆಂದು ನಾನು ವಾದಿಸುವದಿಲ್ಲ. ಆದರೆ ಎರಡು ಒಳ್ಳೆಯ ಪದಾರ್ಥಗಳು ಕೂಡಿದ ಮಾತ್ರಕ್ಕೆ ಫಲವು ಇಮ್ಮಡಿಯಾಗಲೇಬೇಕೆಂಬ ನಿಯಮವಿಲ್ಲ ಎಂಬ ಮೂಲವಿಚಾರವು ಇಂದಿಗೂ ಸರಿಯಾದುದೇ.

ಈಗಿನ ನಮ್ಮ ಮನೆಗಳಲ್ಲಿ ಗುಳಿಗೆಗಳಿಗೆ ಕೊರತೆಯಿಲ್ಲ; ಅನುಪಾನವನ್ನು ಹೇಳುವವರು ಮಾತ್ರ ವಿರಳ. ಹೃದಯದ ಡಾಕ್ಟರರು ಒಂದು ಗುಳಿಗೆ ಬರೆದು ಕೊಡುವರು. ಎಲುಬಿನ ಡಾಕ್ಟರರು ಇನ್ನೊಂದನ್ನು ಬರೆಯುವರು. ಔಷಧದಂಗಡಿಯವನು ‘ಶಕ್ತಿಗಾಗಿ’ ಮತ್ತೊಂದನ್ನು ಕೊಡುವನು. ಅಮೇರಿಕೆಯಲ್ಲಿರುವ ಮಗನು ನೂರು ಗುಳಿಗೆಗಳ ಬಾಟ್ಲಿಯನ್ನು ಬಂದವರ ಕೈಯಲ್ಲಿ ಕಳಿಸುವನು. ರೈಲ್ವೆಯಿಂದಲೂ ಬ್ಯಾಂಕುಗಳಿಂದಲೂ ಶಾಲೆಗಳಿಂದಲೂ ನಿವೃತ್ತರಾದವರು ಬಹುಮಂದಿ ವಾಸಿಸುವ ನಮ್ಮ ಕೇಶ್ವಾಪುರದಲ್ಲಿ ಮುಂಜಾನೆ ತಿರುಗಾಡಲು ಹೊರಟವರ ಮಾತು ಮಳೆಬೆಳೆಗಳಿಂದ ಆರಂಭವಾಗಿ, ಕುಸುಗಲ್ ರಸ್ತೆಯ ತಿರುವು ಬರುವದರೊಳಗಾಗಿ ‘ನಿಮ್ಮ ಎಲ್‌ಡಿಎಲ್ ಎಷ್ಟರೀ?’ ಎಂಬಲ್ಲಿಗೆ ಮುಟ್ಟಿರುವದು. ಆ ಬಳಿಕದ ಪ್ರಶ್ನೆಯು ನಿಶ್ಚಿತ: ‘ಕೊಲೆಸ್ಟರಾಲಿನ ಗುಳಿಗೆಯ ಜೋಡಿ ವಿಟಮಿನ್ ತಗೋಬಹುದೋ ಹ್ಯಾಂಗೋ?’

ಈ ಪ್ರಶ್ನೆಗೆ ಒಂದೇ ಶಬ್ದದ ಉತ್ತರವಿಲ್ಲ. ಯಾವ ಗುಳಿಗೆ, ಯಾವ ಜೀವಸತ್ವ, ಎಷ್ಟು ಪ್ರಮಾಣ, ಯಾವ ಕಾರಣಕ್ಕಾಗಿ ಎಂಬ ನಾಲ್ಕು ಸಂಗತಿಗಳನ್ನು ನೋಡಿಯೇ ಉತ್ತರಿಸಬೇಕಾಗುವದು. ಕನ್ನಡದಲ್ಲಿ ಗುಳಿಗೆಗೆ ‘ಮಾತ್ರೆ’ ಎಂಬ ಇನ್ನೊಂದು ಹೆಸರುಂಟಷ್ಟೆ. ಸಂಸ್ಕೃತದಲ್ಲಿ ಮಾತ್ರಾ ಎಂದರೆ ಅಳತೆ. ಅಳತೆಯೇ ಔಷಧದ ಹೆಸರಾಗಿ ನಿಂತ ಭಾಷೆಯನ್ನಾಡುವ ನಾವು ಅಳತೆಯನ್ನೇ ಮರೆಯುತ್ತಿರುವದು ವಿನೋದದ ಸಂಗತಿ.

ಮೊದಲು ಕೊಲೆಸ್ಟರಾಲ್ ಎಂಬದೇನೆಂದು ನೋಡುವಾ. ಗ್ರೀಕ ಭಾಷೆಯಲ್ಲಿ ‘ಖೋಲೆ’ ಎಂದರೆ ಪಿತ್ತ, ‘ಸ್ಟೆರಿಯೊಸ್’ ಎಂದರೆ ಘನವಾದದ್ದು. ಪಿತ್ತಕೋಶದಲ್ಲಿ ಕಟ್ಟುವ ಕಲ್ಲುಗಳಲ್ಲಿ ಇದು ಮೊದಲು ಕಂಡದ್ದರಿಂದ ಫ್ರೆಂಚ ರಸಾಯನಶಾಸ್ತ್ರಜ್ಞ ಶೆವ್ರಲನು ೧೮೧೫ರ ಸುಮಾರಿಗೆ ಈ ಹೆಸರನ್ನಿಟ್ಟನು. ಇದು ವಿಷವಲ್ಲ. ದೇಹದ ಪ್ರತಿಯೊಂದು ಜೀವಕೋಶದ ಪೊರೆಗೆ ಇದು ಬೇಕು. ಪಿತ್ತರಸಕ್ಕೆ ಇದು ಬೇಕು. ಬಿಸಿಲಿಗೆ ಮೈಯೊಡ್ಡಿದಾಗ ಚರ್ಮದಲ್ಲಿ ‘ಡಿ’ ಜೀವಸತ್ವವು ಹುಟ್ಟುವದೂ ಇದರ ಒಡಹುಟ್ಟಿನ ಪದಾರ್ಥದಿಂದಲೇ. ಇದರಲ್ಲಿಯ ಬಹುಭಾಗವನ್ನು ನಮ್ಮ ಯಕೃತ್ತೇ ಸಿದ್ಧಪಡಿಸುವದು. ಆದುದರಿಂದಲೇ ತುಪ್ಪವನ್ನು ಬಿಟ್ಟು ಹತ್ತು ವರ್ಷವಾದವರ ರಕ್ತದಲ್ಲಿಯೂ ಅದು ಹೆಚ್ಚಾಗಿರುವದನ್ನು ಕಾಣುತ್ತೇವೆ. ರಕ್ತದಲ್ಲಿ ಎಲ್‌ಡಿಎಲ್ ಎಂಬ ವಾಹನದ ಮೇಲೇರಿ ತಿರುಗುವ ಅಂಶವು ಮಿತಿಮೀರಿದಾಗ ಧಮನಿಗಳ ಗೋಡೆಯೊಳಗೆ ಸೇರಿ ಬಾವುಗಟ್ಟಿಸಿ, ವರ್ಷಗಳ ಮೇಲೆ ದಾರಿಯನ್ನೇ ಇಕ್ಕಟ್ಟುಗೊಳಿಸುವದು.

ಇದನ್ನು ತಗ್ಗಿಸುವ ಗುಳಿಗೆಗಳಲ್ಲಿ ಮುಖ್ಯವಾದವು ಸ್ಟ್ಯಾಟಿನ್ ವರ್ಗದವು. ಅಟೊರ್ವಸ್ಟ್ಯಾಟಿನ್, ರೊಸುವಸ್ಟ್ಯಾಟಿನ್ ಎಂಬವು ನಮ್ಮಲ್ಲಿ ಹೆಚ್ಚಾಗಿ ಬರೆಯಲ್ಪಡುವವು. ಇವುಗಳ ಹುಟ್ಟಿನ ಕಥೆಯು ಮನೋರಂಜಕವಾಗಿದೆ. ಜಪಾನ ದೇಶದ ಆಕಿತಾ ಪ್ರಾಂತದ ಒಕ್ಕಲುಮನೆತನದಲ್ಲಿ ೧೯೩೩ರಲ್ಲಿ ಹುಟ್ಟಿದ ಅಕಿರಾ ಎಂಡೊ ಎಂಬವರಿಗೆ ಬಾಲ್ಯದಿಂದಲೂ ಅಣಬೆ ಬೂಷ್ಟುಗಳಲ್ಲಿ ಆಸಕ್ತಿ. ಬೂಷ್ಟುಗಳು ತಮ್ಮ ಶತ್ರುಜೀವಿಗಳನ್ನು ಹಿಮ್ಮೆಟ್ಟಿಸಲು ಕೊಲೆಸ್ಟರಾಲಿನ ನಿರ್ಮಾಣವನ್ನು ತಡೆಯುವ ಯಾವದಾದರೂ ರಸವನ್ನು ಸುರಿಸುತ್ತಿರಬಹುದೆಂದು ಊಹಿಸಿ, ಅವರು ಸುಮಾರು ೬,೦೦೦ ಬೂಷ್ಟುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಕಡೆಗೆ ಕ್ಯೋಟೋ ನಗರದ ಧಾನ್ಯದಂಗಡಿಯ ಅಕ್ಕಿಯ ಮೇಲೆ ಬೆಳೆದ ನೀಲಿಹಸಿರು ಬೂಷ್ಟಿನಲ್ಲಿ ಅವರಿಗೆ ಬೇಕಾದ ವಸ್ತು ದೊರಕಿತು. ಅದು ೧೯೭೩ರ ಮಾತು. ಆ ಜಾತಿಯ ಮೊದಲನೆಯ ಔಷಧವಾದ ಲೊವಸ್ಟ್ಯಾಟಿನ್ ೧೯೮೭ರಲ್ಲಿ ಅಮೇರಿಕೆಯಲ್ಲಿ ಮಾರಾಟಕ್ಕೆ ಬಂದಿತು. ೧೯೯೪ರಲ್ಲಿ ಸ್ಕ್ಯಾಂಡಿನೇವಿಯದ ೪,೪೪೪ ಹೃದ್ರೋಗಿಗಳ ಮೇಲಿನ ಪ್ರಯೋಗವು ಇಂಥ ಗುಳಿಗೆಯಿಂದ ಮರಣವೇ ಕಡಿಮೆಯಾಗುವದೆಂದು ತೋರಿಸಿಕೊಟ್ಟ ಬಳಿಕ ಜಗತ್ತಿನ ವೈದ್ಯರ ಸಂದೇಹಗಳು ಬಹುಮಟ್ಟಿಗೆ ಅಡಗಿದವು. ಎಂಡೊ ಅವರು ೨೦೨೪ರಲ್ಲಿ ತೀರಿಕೊಂಡರು. ನೊಬೆಲ್ ಬಹುಮಾನವು ಅವರಿಗೆ ಬರಲಿಲ್ಲವೆಂಬದು ನನ್ನಂಥವನಿಗೂ ಕೊರಗಿನ ಮಾತು.

ಇನ್ನು ಜೀವಸತ್ವಗಳ ಸಂಗತಿ. ಇವುಗಳ ಪೈಕಿ ನಮ್ಮ ಪ್ರಾಂತಕ್ಕೆ ಹತ್ತಿರದ ಸಂಬಂಧವಿರುವದೂ, ಕೊಲೆಸ್ಟರಾಲಿನ ಚರಿತ್ರೆಯಲ್ಲಿ ದೊಡ್ಡ ಪಾತ್ರವನ್ನು ವಹಿಸಿದುದೂ ಆದ ಒಂದನ್ನು ಮೊದಲು ತೆಗೆದುಕೊಳ್ಳುವೆನು. ಅದು ‘ಬಿ’ ವರ್ಗದ ಮೂರನೆಯದು, ನಾಯಾಸಿನ್ ಎಂಬದು. ಇದರ ಕೊರತೆಯಿಂದ ಪೆಲಾಗ್ರಾ ಎಂಬ ರೋಗ ಬರುವದು: ಬಿಸಿಲು ತಾಗಿದ ಚರ್ಮವು ಕಪ್ಪಾಗಿ ಸುಲಿಯುವದು, ಭೇದಿಯಾಗುವದು, ಬುದ್ಧಿಯು ಮಂಕಾಗುವದು. ದಖ್ಖನಿನಲ್ಲಿ ಜೋಳವನ್ನೇ ಉಂಡು ಬದುಕುವ ಬಡವರಲ್ಲಿ ಈ ರೋಗವು ಕಾಣಿಸುತ್ತಿದ್ದುದನ್ನು ಹೈದರಾಬಾದಿನ ಪೋಷಣ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಶ್ರೀಕಂಠಯ್ಯ ಅವರು ೧೯೬೦ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶವು ಇದಕ್ಕೆ ಕಾರಣವಾಗಿರಬಹುದೆಂದು ಅವರ ವಾದ. ಆ ವಾದವನ್ನು ಎಲ್ಲರೂ ಒಪ್ಪಲಿಲ್ಲ. ಜೋಳದ ರೊಟ್ಟಿಯ ಸಂಗಡ ಬೇಳೆ, ಪಲ್ಯ, ಶೇಂಗಾ ಚಟ್ನಿ, ಮೊಸರು ಇದ್ದ ಮನೆಯಲ್ಲಿ ಈ ಭಯವಿಲ್ಲ. ಶೇಂಗಾದಲ್ಲಿ ನಾಯಾಸಿನ್ ಧಾರಾಳವಾಗಿರುವದು.

ಈ ನಾಯಾಸಿನ್ನಿಗೆ ಇನ್ನೊಂದು ಮುಖವೂ ಉಂಟು. ದಿನಕ್ಕೆ ಬೇಕಾದ ಪ್ರಮಾಣವು ಹದಿನೈದು ಮಿಲಿಗ್ರಾಮಿನ ಆಸುಪಾಸಿನದು. ಅದನ್ನೇ ನೂರು ಪಟ್ಟು ಹೆಚ್ಚಿಸಿ ಗ್ರಾಮಿನ ಲೆಕ್ಕದಲ್ಲಿ ಕೊಟ್ಟರೆ ರಕ್ತದ ಕೊಲೆಸ್ಟರಾಲ್ ಇಳಿಯುವದೆಂದು ೧೯೫೫ರಲ್ಲಿಯೇ ಗೊತ್ತಾಯಿತು. ಹೀಗೆ ಜೀವಸತ್ವವೊಂದು ಕೊಲೆಸ್ಟರಾಲಿನ ಔಷಧವಾಗಿ ದಶಕಗಳ ಕಾಲ ನಡೆಯಿತು. ಸ್ಟ್ಯಾಟಿನ್ ಬಂದ ಬಳಿಕ ಎರಡನ್ನೂ ಕೂಡಿಸಿದರೆ ಇನ್ನೂ ಒಳ್ಳೆಯದಾಗಬೇಕಲ್ಲವೆ ಎಂದು ಎಲ್ಲರೂ ನಂಬಿದರು. ಲೆಕ್ಕದ ದೃಷ್ಟಿಯಿಂದ ಆ ನಂಬಿಕೆ ಸಹಜವಾದುದೇ. ರಕ್ತಪರೀಕ್ಷೆಯ ಅಂಕಿಗಳೂ ಸುಧಾರಿಸುತ್ತಿದ್ದವು. ಆದರೆ ದೇಹವು ಲೆಕ್ಕದ ಪಾಟಿಯಲ್ಲ. ಅಮೇರಿಕೆಯಲ್ಲಿ ನಡೆದ ಒಂದು ದೊಡ್ಡ ಪ್ರಯೋಗವನ್ನು ಫಲ ಕಾಣದೆಂದು ೨೦೧೧ರಲ್ಲಿ ನಡುವೆಯೇ ನಿಲ್ಲಿಸಿದರು. ೨೫,೬೭೩ ಜನರ ಮೇಲಿನ ಇನ್ನೊಂದು ಪ್ರಯೋಗದ ವರದಿಯು ೨೦೧೪ರಲ್ಲಿ ಹೊರಬಿದ್ದಿತು. ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದವರಿಗೆ ದಿನಕ್ಕೆ ಎರಡು ಗ್ರಾಮ ನಾಯಾಸಿನ್ ಕೂಡಿಸಿ ಕೊಟ್ಟುದರಿಂದ ಹೃದಯಾಘಾತವಾಗಲಿ ಪಾರ್ಶ್ವವಾಯುವಾಗಲಿ ಗಣನೀಯವಾಗಿ ಕಡಿಮೆಯಾಗಲಿಲ್ಲ. ಬದಲಾಗಿ ಮಧುಮೇಹ, ಸೋಂಕು, ರಕ್ತಸ್ರಾವ, ಸ್ನಾಯುಬಾಧೆಗಳು ಹೆಚ್ಚಾದವು. ಅಂಕಿ ಸುಧಾರಿಸಿತು, ಮನುಷ್ಯನು ಸುಧಾರಿಸಲಿಲ್ಲ. ಮಗನು ಕಳಿಸಿದ ಬಾಟ್ಲಿಯ ಮೇಲೆ ‘ನಾಯಾಸಿನ್ ೫೦೦ ಮಿಲಿಗ್ರಾಮ’ ಎಂದಿದ್ದರೆ ಅದು ಜೀವಸತ್ವವೆಂಬ ಹೆಸರಿನ ಔಷಧವೆಂದೇ ತಿಳಿಯತಕ್ಕದ್ದು. ಸಾಮಾನ್ಯ ಬಿ-ಕಾಂಪ್ಲೆಕ್ಸ್ ಗುಳಿಗೆಯಲ್ಲಿರುವ ಸ್ವಲ್ಪ ಪ್ರಮಾಣಕ್ಕೆ ಈ ಮಾತು ಅನ್ವಯಿಸುವದಿಲ್ಲ.

‘ಇ’, ‘ಸಿ’ ಮತ್ತು ಗಜ್ಜರಿಗೆ ಬಣ್ಣ ಕೊಡುವ ಬೀಟಾ-ಕ್ಯಾರೊಟಿನ್ ಇವುಗಳ ಕಥೆಯೂ ಹೆಚ್ಚು ಬೇರೆಯಲ್ಲ. ಇವು ದೇಹದೊಳಗೆ ಕೊಬ್ಬು ಕೆಡದಂತೆ ಕಾಯುವವೆಂದೂ, ಆದ್ದರಿಂದ ಧಮನಿಗಳನ್ನೂ ಕಾಯುವವೆಂದೂ ತರ್ಕವಿದ್ದಿತು. ಈ ತರ್ಕವನ್ನು ಪರೀಕ್ಷೆಗಿಟ್ಟವರು ಆಕ್ಸ್‌ಫರ್ಡಿನ ಪಂಡಿತರು. ಇಂಗ್ಲಂಡದ ೨೦,೫೩೬ ಜನರನ್ನು ನಾಲ್ಕು ಗುಂಪುಗಳನ್ನಾಗಿ ಮಾಡಿದರು. ಒಂದಕ್ಕೆ ಸಿಮ್ವಸ್ಟ್ಯಾಟಿನ್ ಮಾತ್ರ, ಇನ್ನೊಂದಕ್ಕೆ ಜೀವಸತ್ವಗಳು ಮಾತ್ರ, ಮೂರನೆಯದಕ್ಕೆ ಎರಡೂ, ನಾಲ್ಕನೆಯದಕ್ಕೆ ಎರಡರದೂ ಹುಸಿ ಗುಳಿಗೆ. ಯಾರಿಗೆ ಯಾವದು ಎಂಬದು ಕೊಟ್ಟ ಡಾಕ್ಟರರಿಗೂ ತಿಳಿಯದು, ತೆಗೆದುಕೊಂಡವರಿಗೂ ತಿಳಿಯದು. ಐದು ವರ್ಷಗಳ ತರುವಾಯ, ೨೦೦೨ರಲ್ಲಿ, ಫಲವನ್ನು ಪ್ರಕಟಿಸಿದರು. ಸ್ಟ್ಯಾಟಿನ್ ಗುಳಿಗೆಯು ಹೃದಯಾಘಾತ ಪಾರ್ಶ್ವವಾಯುಗಳನ್ನು ಸುಮಾರು ನಾಲ್ಕನೆಯ ಒಂದು ಪಾಲಿನಷ್ಟು ಇಳಿಸಿದ್ದಿತು. ದಿನಕ್ಕೆ ೬೦೦ ಮಿಲಿಗ್ರಾಮ ‘ಇ’, ೨೫೦ ಮಿಲಿಗ್ರಾಮ ‘ಸಿ’, ೨೦ ಮಿಲಿಗ್ರಾಮ ಬೀಟಾ-ಕ್ಯಾರೊಟಿನ್ ನುಂಗಿದವರಿಗೂ ನುಂಗದವರಿಗೂ ಯಾವ ಭೇದವೂ ಕಾಣಲಿಲ್ಲ; ಎಲ್‌ಡಿಎಲ್ ಮಾತ್ರ ನುಂಗಿದವರಲ್ಲಿ ತುಸು ಏರಿತ್ತು. ಇದಕ್ಕೂ ಒಂದು ವರ್ಷ ಮೊದಲು ಅಮೇರಿಕೆಯ ೧೬೦ ಜನರ ಮೇಲಿನ ಚಿಕ್ಕ ಪ್ರಯೋಗದಲ್ಲಿ, ಸ್ಟ್ಯಾಟಿನ್ ಮತ್ತು ನಾಯಾಸಿನ್ನುಗಳ ಒಳ್ಳೆಯ ಪರಿಣಾಮವನ್ನು ಈ ಬಗೆಯ ಜೀವಸತ್ವಗಳು ಮೊಂಡುಗೊಳಿಸಿದಂತೆ ಕಂಡಿದ್ದಿತು. ಚಿಕ್ಕ ಪ್ರಯೋಗದ ಮೇಲೆ ಅತಿಯಾಗಿ ಭಾರ ಹಾಕಲಾಗದು. ಆದರೆ ‘ಕೂಡಿಸಿದರೆ ಕೇಡಿಲ್ಲ’ವೆಂಬವರಿಗೆ ಅದು ಒಂದು ತಡೆಯಾದೀತು. ಧೂಮ್ರಪಾನಿಗಳಿಗಂತೂ ಬೀಟಾ-ಕ್ಯಾರೊಟಿನ್ ಗುಳಿಗೆಯೇ ಬೇಡ. ಫಿನ್ಲಂಡದಲ್ಲಿ ೨೯,೧೩೩ ಮಂದಿ ಸಿಗರೇಟು ಸೇದುವ ಗಂಡಸರ ಮೇಲೆ ನಡೆದ ಪ್ರಯೋಗದಲ್ಲಿ ಅದನ್ನು ನುಂಗಿದವರಿಗೆ ಪುಪ್ಫುಸದ ಅರ್ಬುದವು ಹೆಚ್ಚಾಗಿ ಬಂದುದು ೧೯೯೪ರಲ್ಲಿ ಬೆಳಕಿಗೆ ಬಂತು. ಗಜ್ಜರಿ, ಮೆಂತ್ಯೆ, ನುಗ್ಗೆಯ ಎಲೆಗಳನ್ನು ಉಣ್ಣುವದಕ್ಕೆ ಈ ಅಡ್ಡಿ ಇಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವದು ‘ಡಿ’ ಜೀವಸತ್ವದ ಮಾತು. ಇದರಲ್ಲಿ ನಾನು ಸ್ವಲ್ಪ ನಿಂತು ಹೇಳುವೆನು, ಯಾಕಂದರೆ ನಮ್ಮ ಓಣಿಯಲ್ಲಿಯೇ ಇದರಿಂದ ಒಂದು ಅನರ್ಥವು ನಡೆಯಿತು.

ಸ್ಟ್ಯಾಟಿನ್ ತೆಗೆದುಕೊಳ್ಳುವವರಲ್ಲಿ ಕೆಲವರು ಮೀನಖಂಡ ತೊಡೆಗಳು ನೋಯುವವೆಂದು ದೂರುವರು. ‘ಡಿ’ ಜೀವಸತ್ವದ ಕೊರತೆಯಾದಾಗಲೂ ಮೈಕೈ ನೋಯುವದು. ಬಿಸಿಲಿನ ದೇಶವೆನಿಸಿದ ನಮ್ಮಲ್ಲಿಯೂ ಆ ಕೊರತೆಯು ಸಾಮಾನ್ಯ. ಹೀಗಾಗಿ ಎರಡನ್ನೂ ಜೋಡಿಸಿ, ‘ಡಿ’ ಕೊಟ್ಟರೆ ಸ್ಟ್ಯಾಟಿನ್ನಿನ ನೋವು ಹೋಗುವದೆಂಬ ನಂಬಿಕೆ ಹುಟ್ಟಿತು. ರೈಲ್ವೆಯಿಂದ ನಿವೃತ್ತರಾದ ನಮ್ಮ ನೆರೆಯ ಗೃಹಸ್ಥರೊಬ್ಬರಿಗೆ ಹೃದಯದ ಧಮನಿಯಲ್ಲಿ ಸ್ಟೆಂಟ್ ಕೂಡ್ರಿಸಿದ್ದರು. ಕೊಲೆಸ್ಟರಾಲಿನ ಗುಳಿಗೆ ನಡೆದಿತ್ತು. ಕಾಲುನೋವೆಂದು ಹೋದಾಗ ರಕ್ತಪರೀಕ್ಷೆಯಲ್ಲಿ ‘ಡಿ’ ಕಡಿಮೆಯೆಂದು ಬಂದಿತು. ಡಾಕ್ಟರರು ೬೦,೦೦೦ ಯೂನಿಟ್ಟಿನ ಪುಡಿಯ ಪೊಟ್ಟಣವನ್ನು ವಾರಕ್ಕೊಂದರಂತೆ ಎಂಟು ವಾರ ಎಂದು ಬರೆದರು. ಇವರು ಅದನ್ನು ದಿನಕ್ಕೊಂದರಂತೆ ಹಾಲಿನಲ್ಲಿ ಕದಡಿ ಕುಡಿಯತೊಡಗಿದರು. ಪೊಟ್ಟಣಗಳು ತೀರಿದಂತೆಲ್ಲ ಅಂಗಡಿಯವನು ಏನೊಂದೂ ಕೇಳದೆ ಮತ್ತೆ ಕೊಟ್ಟನು. ಅದಕ್ಕೂ ಮಿಗಿಲಾಗಿ, ‘ನೋವಿನ ಮೂಲವೇ ಆ ಗುಳಿಗೆ’ ಎಂದು ಯಾರೋ ಹೇಳಿದ್ದನ್ನು ಕೇಳಿ, ಸ್ಟ್ಯಾಟಿನ್ನನ್ನು ಬಿಟ್ಟೇ ಬಿಟ್ಟರು. ಎರಡು ತಿಂಗಳಾಗುವಷ್ಟರಲ್ಲಿ ಅವರ ಮನೆಯಾಕೆ ನಮ್ಮ ಬಾಗಿಲಿಗೆ ಬಂದು, “ಮಾಸ್ತರ, ನೀವರೆ ಒಂದು ಮಾತು ಹೇಳ್ರಿ. ಇವರು ಊಟಾ ಬಿಟ್ಟಾರ, ಬರೇ ನೀರು ಕುಡೀತಾರ, ಮಾತಾಡಿದ್ದು ಅವರಿಗೇ ನೆನಪಿರೂದಿಲ್ಲ” ಎಂದು ಕಣ್ಣೀರು ತಂದರು. “ತಂಗೀ, ಮಾತು ಹೇಳೂ ಹೊತ್ತಲ್ಲ ಇದು, ಇವತ್ತ ದವಾಖಾನಿಗೆ ಹೋಗೋಣ ನಡೀರಿ” ಎಂದು ಹೊರಡಿಸಿಕೊಂಡು ಹೋದೆವು. ರಕ್ತದಲ್ಲಿ ಕ್ಯಾಲ್ಶಿಯಮ್ಮು ಮೇರೆಮೀರಿದ್ದಿತು, ಮೂತ್ರಪಿಂಡಗಳು ದಣಿದಿದ್ದವು. ಕೆಲವು ದಿನ ಒಳರೋಗಿಯಾಗಿ ಇರಬೇಕಾಯಿತು. ಪ್ರಾಣಕ್ಕೆ ಅಪಾಯವಾಗಲಿಲ್ಲ, ಆದರೆ ಮೂತ್ರಪಿಂಡಗಳ ಅಂಕಿಯು ಮೊದಲಿನಂತಾಗಲು ತಿಂಗಳುಗಳೇ ಹಿಡಿದವು.

ಇದಕ್ಕೆ ಕಾರಣವನ್ನು ತಿಳಿಯುವದು ಕಷ್ಟವಲ್ಲ. ‘ಬಿ’ ಮತ್ತು ‘ಸಿ’ ಜೀವಸತ್ವಗಳು ನೀರಿನಲ್ಲಿ ಕರಗುವವು, ಹೆಚ್ಚಾದುದರಲ್ಲಿ ಬಹುಭಾಗವು ಮೂತ್ರದಲ್ಲಿ ಹೋಗುವದು. ‘ಎ’, ‘ಡಿ’, ‘ಇ’, ‘ಕೆ’ ಇವು ಕೊಬ್ಬಿನಲ್ಲಿ ಕರಗುವವು, ದೇಹದಲ್ಲಿಯೇ ಶೇಖರವಾಗುವವು. ದಿನಕ್ಕೆ ‘ಡಿ’ ಬೇಕಾಗುವದು ೬೦೦ ಯೂನಿಟ್ಟಿನ ಸುಮಾರು. ಪೊಟ್ಟಣದಲ್ಲಿರುವದು ಅದರ ನೂರು ಪಟ್ಟು. ವಾರಕ್ಕೊಂದು ಎಂಬ ಶಬ್ದವನ್ನು ಡಾಕ್ಟರರು ಚೀಟಿಯ ಮೇಲೆ ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಬರೆದರೆ ಅವರಿಗೇನೂ ನಷ್ಟವಾಗದು.

‘ಡಿ’ ಜೀವಸತ್ವವು ಸ್ಟ್ಯಾಟಿನ್ನಿನ ನೋವನ್ನು ತಡೆಯುವದೋ ಎಂಬ ಪ್ರಶ್ನೆಗೂ ಈಗ ಉತ್ತರ ದೊರೆತಿದೆ. ಅಮೇರಿಕೆಯ ದೊಡ್ಡ ಪ್ರಯೋಗವೊಂದರಲ್ಲಿ ಹೊಸದಾಗಿ ಸ್ಟ್ಯಾಟಿನ್ ಆರಂಭಿಸಿದ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ನೋಡಿದಾಗ, ದಿನಾಲು ೨,೦೦೦ ಯೂನಿಟ್ ‘ಡಿ’ ತೆಗೆದುಕೊಂಡವರಲ್ಲಿಯೂ ಹುಸಿ ಗುಳಿಗೆಯವರಲ್ಲಿಯೂ ನೋವು ಒಂದೇ ಪ್ರಮಾಣದಲ್ಲಿದ್ದಿತೆಂದು ೨೦೨೨ರಲ್ಲಿ ಪ್ರಕಟವಾಯಿತು. ‘ಡಿ’ ಕೊರತೆಯಿದ್ದರೆ ಅದನ್ನು ಕೊರತೆಯೆಂದೇ ತುಂಬಿಕೊಳ್ಳಬೇಕು. ಸ್ಟ್ಯಾಟಿನ್ನಿನ ಸಂಗಡ ಅದನ್ನು ತೆಗೆದುಕೊಳ್ಳಲು ಅಡ್ಡಿಯಿಲ್ಲ. ಅದು ಸ್ಟ್ಯಾಟಿನ್ನಿಗೆ ಕಟ್ಟಿದ ತಾಯಿತವಲ್ಲ, ಅಷ್ಟೆ.

ಹಾಗಾದರೆ ಆ ಕಾಲುನೋವು ಎಲ್ಲಿಂದ? ಲಂಡನ್ನಿನಲ್ಲಿ ನಡೆದು ೨೦೨೦ರಲ್ಲಿ ಪ್ರಕಟವಾದ ಪ್ರಯೋಗವೊಂದು ನನಗೆ ಬಹಳ ಹಿಡಿಸಿತು. ತೊಂದರೆಯಾಯಿತೆಂದು ಸ್ಟ್ಯಾಟಿನ್ ಬಿಟ್ಟಿದ್ದ ೬೦ ಜನರಿಗೆ ಹನ್ನೆರಡು ಬಾಟ್ಲಿಗಳನ್ನು ಕೊಟ್ಟರು, ತಿಂಗಳಿಗೊಂದು. ನಾಲ್ಕರಲ್ಲಿ ನಿಜವಾದ ಗುಳಿಗೆ, ನಾಲ್ಕರಲ್ಲಿ ಹುಸಿ ಗುಳಿಗೆ, ನಾಲ್ಕು ಬರಿದು. ಪ್ರತಿದಿನದ ನೋವನ್ನು ಅವರವರೇ ಅಂಕಿಯಲ್ಲಿ ಬರೆದಿಡತಕ್ಕದ್ದು. ಬರಿದು ಬಾಟ್ಲಿಯ ತಿಂಗಳಲ್ಲಿ ನೋವು ಕಡಿಮೆ. ನಿಜ ಗುಳಿಗೆಯ ತಿಂಗಳಲ್ಲಿ ಹೆಚ್ಚು. ಹುಸಿ ಗುಳಿಗೆಯ ತಿಂಗಳಲ್ಲಿಯೂ ಹೆಚ್ಚುಕಡಿಮೆ ಅಷ್ಟೇ! ತೊಂದರೆಯ ನೂರರಲ್ಲಿ ತೊಂಬತ್ತು ಪಾಲು ಗುಳಿಗೆಯ ವಸ್ತುವಿನಿಂದಲ್ಲ, ಗುಳಿಗೆ ನುಂಗಿದೆನೆಂಬ ಶಂಕೆಯಿಂದ ಬಂದದ್ದು. ನೋವು ಸುಳ್ಳೆಂದು ಇದರರ್ಥವಲ್ಲ. ಅದು ನಿಜವಾಗಿಯೇ ನೋಯುವದು. ಈ ಫಲವನ್ನು ತೋರಿಸಿದ ಬಳಿಕ ಅವರಲ್ಲಿ ಅರ್ಧಮಂದಿ ಗುಳಿಗೆಯನ್ನು ತಿರುಗಿ ಆರಂಭಿಸಿದರಂತೆ. ನಮ್ಮ ನೆರೆಯವರೂ ಈಗ ಬೇರೆ ಸ್ಟ್ಯಾಟಿನ್ನನ್ನು ಚಿಕ್ಕ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಿದ್ದಾರೆ.

ಆದರೆ ವಿರಳವಾಗಿ ಸ್ಟ್ಯಾಟಿನ್ನಿನಿಂದ ಸ್ನಾಯುಗಳೇ ಕರಗುವ ಅಪಾಯವೂ ಉಂಟು. ನೋವು ತೀವ್ರವಾಗಿ, ಅಶಕ್ತತೆ ಬಂದು, ಮೂತ್ರವು ಚಹದ ಡಿಕಾಕ್ಷನ್ನಿನಂತೆ ಕಪ್ಪಾದರೆ ಆ ದಿನವೇ ಡಾಕ್ಟರರನ್ನು ಕಾಣಬೇಕು. ಬಿ-ಕಾಂಪ್ಲೆಕ್ಸ್ ತೆಗೆದುಕೊಳ್ಳುವವರ ಮೂತ್ರವು ಅರಿಸಿಣದಂತೆ ಹಳದಿಯಾಗುವದು ಬೇರೆ. ಅದು ರೈಬೊಫ್ಲೇವಿನ್ ಎಂಬ ಜೀವಸತ್ವದ ಬಣ್ಣ, ಅದರಿಂದ ಹೆದರುವ ಕಾರಣವಿಲ್ಲ. ಈ ಎರಡು ಬಣ್ಣಗಳ ಭೇದವನ್ನು ಮನೆಯವರೆಲ್ಲರೂ ತಿಳಿದಿರುವದು ಒಳಿತು.

ಕೋ-ಎನ್‌ಜೈಮ್ ಕ್ಯೂ-೧೦ ಎಂಬ ದುಬಾರಿ ಗುಳಿಗೆಯನ್ನೂ ಜೀವಸತ್ವವೆಂದು ಮಾರುವರು. ದೇಹವೇ ಅದನ್ನು ಸಿದ್ಧಪಡಿಸುವದಾದ್ದರಿಂದ ಅದು ಜೀವಸತ್ವವಲ್ಲ. ಕೊಲೆಸ್ಟರಾಲ್ ಹುಟ್ಟುವ ದಾರಿಯಿಂದಲೇ ಅದೂ ಹುಟ್ಟುವದು. ಸ್ಟ್ಯಾಟಿನ್ನಿನಿಂದ ರಕ್ತದಲ್ಲಿ ಅದು ಇಳಿಯುವದೂ ನಿಜ. ಹೊರಗಿನಿಂದ ಕೊಟ್ಟರೆ ನೋವು ಹೋಗುವದೋ ಎಂಬಲ್ಲಿ ಪ್ರಯೋಗಗಳು ಒಂದೇ ಮಾತನ್ನು ಹೇಳುವದಿಲ್ಲ. ಪಿಂಚಣಿಯಲ್ಲಿ ಬದುಕುವವನು ಆ ಹಣವನ್ನು ಉಳಿಸಿ ಹಣ್ಣು ಕೊಳ್ಳುವದು ಲೇಸೆಂದು ನನ್ನ ಮತ.

ನಮ್ಮ ಕಡೆಯ ಶಾಕಾಹಾರಿ ಗೃಹಸ್ಥರಿಗೆ ನಿಜವಾಗಿ ಬೇಕಾಗಬಹುದಾದ ಜೀವಸತ್ವ ಬಿ-೧೨. ಅದು ಕಾಯಿಪಲ್ಯೆ ಕಾಳುಕಡಿಗಳಲ್ಲಿ ಇಲ್ಲ. ಹಾಲು ಮೊಸರುಗಳಿಂದ ಬಂದಷ್ಟೇ ಬಂದದ್ದು. ವಯಸ್ಸಾದಂತೆ ದೇಹವು ಅದನ್ನು ಹೀರಿಕೊಳ್ಳುವದೂ ಕಡಿಮೆ. ಕೊಲೆಸ್ಟರಾಲಿನ ಗುಳಿಗೆಯವರಲ್ಲಿ ಬಹುಮಂದಿ ಮಧುಮೇಹಿಗಳೂ ಆಗಿದ್ದು ಮೆಟ್‌ಫಾರ್ಮಿನ್ ತೆಗೆದುಕೊಳ್ಳುವರು. ಆ ಔಷಧವು ವರ್ಷಗಳ ಮೇಲೆ ಬಿ-೧೨ನ್ನು ಇನ್ನೂ ಇಳಿಸುವದು. ಅಂಗಾಲು ಉರಿ, ಜೋಮು, ಮರೆವು, ದಣಿವು ಬಂದಾಗ ‘ಕೊಲೆಸ್ಟರಾಲಿನ ಗುಳಿಗೆಯಿಂದಲೇ ಹೀಗಾಯಿತು’ ಎಂದು ಅದನ್ನು ಬಿಡುವ ಮೊದಲು ಬಿ-೧೨ ಮತ್ತು ಥೈರಾಯ್ಡ್‌ಗಳ ಪರೀಕ್ಷೆಯನ್ನು ಮಾಡಿಸಿಕೊಳ್ಳತಕ್ಕದ್ದು. ಬಿ-೧೨ಕ್ಕೂ ಸ್ಟ್ಯಾಟಿನ್ನಿಗೂ ವಿರೋಧವಿಲ್ಲ.

ಹೀರಿಕೊಳ್ಳುವಿಕೆಯ ಮಾತು ಬಂದುದರಿಂದ ಇನ್ನೊಂದು ವರ್ಗದ ಔಷಧವನ್ನು ಹೇಳಿಬಿಡುವೆನು. ಕೊಲೆಸ್ಟೈರಮಿನ್ ಎಂಬ ಪುಡಿಯು ಕರುಳಿನಲ್ಲಿ ಪಿತ್ತವನ್ನು ಹಿಡಿದುಕೊಂಡು ಹೊರಹಾಕಿ ಕೊಲೆಸ್ಟರಾಲನ್ನು ಇಳಿಸುವದು. ಪಿತ್ತವಿಲ್ಲದೆ ಕೊಬ್ಬಿನಲ್ಲಿ ಕರಗುವ ನಾಲ್ಕು ಜೀವಸತ್ವಗಳು ದೇಹಕ್ಕೆ ಸೇರವು; ಫೋಲಿಕ್ ಆಮ್ಲವೂ ಕಡಿಮೆಯಾಗುವದು. ಇದನ್ನು ಬಹುಕಾಲ ಸೇವಿಸುವವರಿಗೆ ಜೀವಸತ್ವಗಳು ಬೇಕಾಗಬಹುದು, ಮತ್ತು ಅವನ್ನೂ ಉಳಿದ ಗುಳಿಗೆಗಳನ್ನೂ ಪುಡಿಗಿಂತ ಒಂದು ತಾಸು ಮೊದಲು ಇಲ್ಲವೆ ನಾಲ್ಕಾರು ತಾಸಿನ ಬಳಿಕ ನುಂಗಬೇಕು. ಈ ಪುಡಿಯು ಈಗ ಕಡಿಮೆ ಬಳಕೆಯಲ್ಲಿರುವದು.

ಅಡಿಗೆಮನೆಯ ಔಷಧಗಳ ಅಭಿಮಾನಿಗಳು ಇಷ್ಟರಲ್ಲಿ ನನ್ನ ಮೇಲೆ ಸಿಟ್ಟಾಗಿರಬಹುದು. ಬೆಳ್ಳುಳ್ಳಿ, ಅರಿಸಿಣ, ದಾಲ್ಚಿನ್ನಿಗಳನ್ನು ಗುಳಿಗೆ ಮಾಡಿ ನುಂಗಿದರೆ ಸ್ಟ್ಯಾಟಿನ್ನೇ ಬೇಡವಲ್ಲವೆ? ಇದನ್ನೂ ನೋಡಿದವರುಂಟು. ಅಮೇರಿಕೆಯ ಕ್ಲೀವ್‌ಲ್ಯಾಂಡಿನಲ್ಲಿ ೧೯೦ ಜನರಿಗೆ ೨೮ ದಿನ ಕೆಲವರಿಗೆ ಇವನ್ನೂ, ಕೆಲವರಿಗೆ ಮೀನೆಣ್ಣೆ ಮೊದಲಾದವನ್ನೂ, ಕೆಲವರಿಗೆ ಕೇವಲ ೫ ಮಿಲಿಗ್ರಾಮ ರೊಸುವಸ್ಟ್ಯಾಟಿನ್ನನ್ನೂ ಕೊಟ್ಟರು. ೨೦೨೨ರಲ್ಲಿ ಪ್ರಕಟವಾದ ಫಲದ ಮೇರೆಗೆ ಸ್ಟ್ಯಾಟಿನ್ ಎಲ್‌ಡಿಎಲ್ಲನ್ನು ನೂರಕ್ಕೆ ಸುಮಾರು ೩೮ರಷ್ಟು ಇಳಿಸಿತು. ಉಳಿದವು ಹುಸಿ ಗುಳಿಗೆಗಿಂತ ಹೆಚ್ಚಿನದೇನನ್ನೂ ಮಾಡಲಿಲ್ಲ. ಆ ಪಟ್ಟಿಯಲ್ಲಿದ್ದ ಕೆಂಪು ಬೂಷ್ಟಿನ ಅಕ್ಕಿ ಎಂಬ ಚೀನೀ ಪದಾರ್ಥದ ವಿಷಯವಾಗಿ ಬೇರೆ ಎಚ್ಚರವೂ ಬೇಕು. ಅದರಲ್ಲಿರುವ ಮೊನಾಕೊಲಿನ್-ಕೆ ಎಂಬದು ಲೊವಸ್ಟ್ಯಾಟಿನ್ನೇ ಆಗಿದೆ. ‘ನೈಸರ್ಗಿಕ’ವೆಂದು ಅದನ್ನು ಸ್ಟ್ಯಾಟಿನ್ನಿನ ಸಂಗಡ ನುಂಗುವವನು ಒಂದೇ ಔಷಧವನ್ನು ಎರಡು ಹೆಸರಿನಿಂದ ನುಂಗಿದಂತಾಗುವದು. ಅಗಸಿ ಚಟ್ನಿ, ಬೆಳ್ಳುಳ್ಳಿ ಒಗ್ಗರಣೆ ಊಟಕ್ಕಿರಲಿ. ರೊಟ್ಟಿಗೆ ಅವುಗಳ ಹಂಗು ಹಳೆಯದು.

ಹಣ್ಣುಗಳಲ್ಲಿ ಗ್ರೇಪ್‌ಫ್ರೂಟ್ ಎಂಬ ದೊಡ್ಡ ಜಾತಿಯ ಕಿತ್ತಳೆಯು ಸಿಮ್ವಸ್ಟ್ಯಾಟಿನ್, ಅಟೊರ್ವಸ್ಟ್ಯಾಟಿನ್ನುಗಳನ್ನು ಕರುಳಿನಲ್ಲಿ ಜೀರ್ಣಿಸಗೊಡದೆ ರಕ್ತದಲ್ಲಿ ಅವುಗಳ ಪ್ರಮಾಣವನ್ನು ಏರಿಸುವದು. ದೇವನಹಳ್ಳಿಯ ಚಕ್ಕೋತವು ಅದರ ಹತ್ತಿರದ ಬಂಧು. ಅದೇ ಜಾತಿಯ ರಸಗಳು ಅದರಲ್ಲಿಯೂ ಇರುವದರಿಂದ ಇಂಥ ಗುಳಿಗೆಯವರು ಡಾಕ್ಟರರನ್ನು ಕೇಳಿಯೇ ಅದನ್ನು ತಿನ್ನತಕ್ಕದ್ದು. ರೊಸುವಸ್ಟ್ಯಾಟಿನ್ನಿಗೆ ಈ ತೊಡಕಿಲ್ಲ. ಅದಕ್ಕಿರುವದು ಬೇರೊಂದು: ಆಮ್ಲಪಿತ್ತಕ್ಕೆ ಕುಡಿಯುವ, ಅಲ್ಯುಮಿನಿಯಮ್ ಮ್ಯಾಗ್ನೀಶಿಯಮ್ ಇರುವ ಬಿಳಿ ಗುಲಾಬಿ ಔಷಧವನ್ನು ಅದರೊಡನೆ ಕುಡಿದರೆ ಗುಳಿಗೆಯ ಅರ್ಧದಷ್ಟೂ ರಕ್ತಕ್ಕೆ ಸೇರದೆ ಹೋಗಬಹುದು. ಗುಳಿಗೆ ನುಂಗಿ ಎರಡು ತಾಸು ಬಿಟ್ಟು ಕುಡಿಯಬೇಕು. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತೆಗೆದುಕೊಳ್ಳುವವರು ‘ಕೆ’ ಜೀವಸತ್ವವಿರುವ ಗುಳಿಗೆಯನ್ನು ಹೇಳದೆ ಕೇಳದೆ ಆರಂಭಿಸಲಾಗದು, ನಿಲ್ಲಿಸಲೂ ಆಗದು. ಮನೆಯ ಹೆಂಗಸರಲ್ಲಿ ಥೈರಾಯ್ಡಿನ ಗುಳಿಗೆಯವರು ಕ್ಯಾಲ್ಶಿಯಮ್ ಕಬ್ಬಿಣಗಳನ್ನು ಅದಕ್ಕಿಂತ ನಾಲ್ಕು ತಾಸು ದೂರವಿಡಬೇಕು.

ಈ ಬಾಟ್ಲಿಗಳನ್ನು ಕೊಳ್ಳುವಾಗ ಕನ್ನಡಕ ಹಾಕಿಕೊಂಡು ನೋಡತಕ್ಕ ಸಂಗತಿಯೊಂದುಂಟು. ಸ್ಟ್ಯಾಟಿನ್ ಔಷಧದ ಕಾಯಿದೆಗೆ ಒಳಪಟ್ಟದ್ದು, ಡಾಕ್ಟರರ ಚೀಟಿಯಿಲ್ಲದೆ ಮಾರತಕ್ಕದ್ದಲ್ಲ. ಪೋಷಕ ಗುಳಿಗೆಗಳಲ್ಲಿ ಹೆಚ್ಚಿನವು ಆಹಾರದ ಕಾಯಿದೆಗೆ ಒಳಪಟ್ಟವು. ೨೦೧೬ರ ನಿಯಮಗಳ ಮೇರೆಗೆ ಅವುಗಳ ಮೇಲೆ ‘ಔಷಧವಾಗಿ ಬಳಸಲಿಕ್ಕಲ್ಲ’ ಎಂಬ ಅರ್ಥದ ಮಾತನ್ನು ಅಚ್ಚು ಹಾಕಲೇಬೇಕು. ಅಂಗಡಿಯವನು ಬಾಯಿಂದ ಹೇಳುವ ಗುಣಗಳನ್ನು ಬಾಟ್ಲಿಯು ಹೇಳುವದಿಲ್ಲ.

ಕೊನೆಯದಾಗಿ, ಕೂದಲು ಉದುರದಂತೆ ಮಾರುವ ಗುಳಿಗೆಗಳಲ್ಲಿರುವ ಬಯೋಟಿನ್ ಎಂಬ ‘ಬಿ’ ವರ್ಗದ ಜೀವಸತ್ವ. ನಿರುಪದ್ರವಿಯೆಂದೇ ಅದರ ಖ್ಯಾತಿ. ಆದರೆ ಹೆಚ್ಚಿನ ಪ್ರಮಾಣದಲ್ಲಿ ಅದು ರಕ್ತಪರೀಕ್ಷೆಯ ಯಂತ್ರವನ್ನೇ ಮೋಸಗೊಳಿಸಬಲ್ಲದು. ಹೃದಯಾಘಾತವನ್ನು ಪತ್ತೆ ಹಚ್ಚುವ ಟ್ರೊಪೊನಿನ್ ಪರೀಕ್ಷೆಯಲ್ಲಿ ಅಂಕಿಯು ಸುಳ್ಳಾಗಿ ಕಡಿಮೆ ತೋರಿಬಂದುದಾಗಿ ಅಮೇರಿಕೆಯ ಔಷಧ ಇಲಾಖೆಯು ೨೦೧೭ರಲ್ಲಿ ಎಚ್ಚರಿಕೆ ಕೊಟ್ಟಿತು. ಅದರಿಂದ ಒಂದು ಸಾವೂ ಸಂಭವಿಸಿದ್ದಿತು. ಥೈರಾ‌ಯ್ಡಿನ ಪರೀಕ್ಷೆಗೂ ಇದೇ ತೊಡಕು. ಎದೆನೋವೆಂದು ದವಾಖಾನೆಗೆ ಹೋದವರನ್ನು ಡಾಕ್ಟರರು ‘ಯಾವ ಗುಳಿಗೆ ನಡೆದಿದೆ?’ ಎಂದು ಕೇಳಿದಾಗ ನಾವು ಬಿಪಿಯದನ್ನೂ ಸಕ್ಕರೆಯದನ್ನೂ ಹೇಳಿ, ಕೂದಲಿನದು ಗುಳಿಗೆಯೇ ಅಲ್ಲವೆಂಬಂತೆ ಬಿಟ್ಟುಬಿಡುವೆವು. ಮನೆಯಲ್ಲಿರುವ ಎಲ್ಲ ಬಾಟ್ಲಿ ಪೊಟ್ಟಣಗಳನ್ನು, ಮಗನು ಕಳಿಸಿದ್ದನ್ನೂ ಸೊಸೆ ತರಿಸಿದ್ದನ್ನೂ ಕೂಡಿಸಿ, ಒಂದು ಅರಿವೆಯ ಚೀಲದಲ್ಲಿ ಹಾಕಿ ಡಾಕ್ಟರರ ಮೇಜಿನ ಮೇಲೆ ಸುರಿದರೆ ಈ ಮರೆವಿಗೆ ಎಡೆಯಿರದು.